ಚಂದವ್ವನ ದರ

ಹೊಳೆಯಾಚೆ ಬೇರೆ ದೇಶವಾದ ಮೇಲೆ, ರೂಪಾಯಿಗೆ ಅಲ್ಲಿನ ವರಹ ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಆಚೆ ನಿಮ್ಮನ್ನು ನೆನಪಿಟ್ಟುಕೊಂಡವರು ಎಷ್ಟು ಜನರೋ, ರೂಪಾಯಿಗೆ ಅಷ್ಟು ವರಹ. ಚಂದವ್ವನಿಗೆ ಇದ್ದವಳು ಅಕ್ಕ ಒಬ್ಬಳೇ. ಆಕೆ ಜ್ವರ ಹತ್ತಿ ಆಚೆಯ ದವಾಖಾನೆಯಲ್ಲಿ ಮಲಗಿದ್ದಳು. ಸೂಜಿಮದ್ದಿಗೆ ಇವತ್ತೇ ವರಹ ಕಳಿಸಬೇಕಿತ್ತು.

ವಿನಿಮಯದ ಕಿಟಕಿಯ ಮುಂದೆ ಎಂದಿನಂತೆ ಸಾಲು. ಬರೀ ದರ ನೋಡಿ, ಆಚೆಯ ತಮ್ಮವರು ಇನ್ನೂ ಬದುಕಿದ್ದಾರೆಂದು ತಿಳಿದುಕೊಂಡು ಹೋಗುವವರೇ ಅಲ್ಲಿ ಹೆಚ್ಚು. ಮುಂದಿದ್ದ ಬಸಲಿಂಗನಿಗೆ ದರದ ಹಲಗೆಯಲ್ಲಿ ನಲವತ್ತು ಮೂಡಿತು.

"ನಿನಗೇನಪಾ, ಆಚಿ ದಂಡಿ ಬೋಳತಲಿಗೆಲ್ಲಾ ಎಣ್ಣಿ ಮಾರಿ ಓಡಿ ಬಂದೀದಿ. ಯಾರು ಮರೀತಾರ?" ಎಂದಳು ಚಂದವ್ವ. ಸಾಲೆಲ್ಲ ನಕ್ಕಿತು.

ಅವಳ ಸರದಿಗೆ ಹಲಗೆಯಲ್ಲಿ ಒಂದು ಬಂತು. ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಗುಮಾಸ್ತ ರಾಜಾಸಾಬ ನೋಟು ಎಣಿಸುತ್ತಿದ್ದಂತೆಯೇ ಆ ಒಂದು ಅಳಿಸಿಹೋಗಿ ಸೊನ್ನೆಯಾಯಿತು. ಅವನ ಬೆರಳುಗಳು ನಿಂತವು. ಹಿಂದಿನವರು ಸೊನ್ನೆ ಕಂಡಾಗಿನ ವಾಡಿಕೆಯಂತೆ ಒಂದು ಹೆಜ್ಜೆ ಸರಿದು, ಚಪ್ಪಲಿ ಬಿಟ್ಟು ನಿಂತರು.

"ಚಪ್ಪಲಿ ಹಾಕ್ಕೋರಿ," ಎಂದಳು ಚಂದವ್ವ, ಹಿಂತಿರುಗಿ ನೋಡದೆ. "ಜ್ವರದಾಗ ನನ್ನ ಮರ್ತಾಳ, ಅಷ್ಟ. ಮದಲಿಂದ್ಲೂ ಮರೆಗುಳಿ ಆಕಿ."

ರಾಜಾಸಾಬ ನೋಟುಗಳನ್ನು ಮಡಚಿ ಮೆಲ್ಲಗೆ ಅವಳ ಮುಂದಿಟ್ಟ. "ಹೌದವ್ವ, ಮರ್ತಿರಬೇಕು."

"ಇನ್ನೊಂದೀಟು ತಡಿ, ನೆನಪಾಗ್ತದ," ಎಂದು ಅವಳು ಕಿಟಕಿಯ ಸರಳು ಹಿಡಿದು ನಿಂತಳು.

ಸಾಲಿನಲ್ಲಿ ಯಾರೂ ಚಪ್ಪಲಿ ಮೆಟ್ಟಲಿಲ್ಲ.