ಬಾಗಿಲು ಆ ಕಡೆ ಇದೆ

"ಆ ಡೇರೆಗಳೆಲ್ಲ ಏನಮ್ಮಾ? ಸರ್ಕಸ್ ಬಂದಿದೆಯಾ?" ಎಂದು ಮೂರನೆಯ ಸಾಲಿನ ಎತ್ತರದ ಮುದುಕ ಕೇಳಿದಾಗ, ಗೈಡ್ ಕೊರಿನ್ ಹಿಡಿದಿದ್ದ ಮೈಕು ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

ಪ್ರವಾಸಿಗರ ಬಸ್ಸು ಹ್ಯಾಲಿಫ್ಯಾಕ್ಸ್ ನಗರದ ಸೇತುವೆಯ ಬುಡದಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಕೆಳಗೆ ಕೊಲ್ಲಿಯ ದಡದ ಹುಲ್ಲಿನ ಇಳಿಜಾರಿನಲ್ಲಿ ಇಪ್ಪತ್ತು ಇಪ್ಪತ್ತೈದು ಡೇರೆಗಳು. ಈ ತಿರುವಿನಲ್ಲಿ ಏನು ಹೇಳಬೇಕೆಂದು ಆಫೀಸಿನವರು ಕೊಟ್ಟ ಚೀಟಿಯಲ್ಲಿ ಬರೆದಿತ್ತು: ಎಡಗಡೆ ಸೇತುವೆ, ಬಲಗಡೆ ಯುದ್ಧದ ಕಾಲದಲ್ಲಿ ಹಡಗುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕೊಲ್ಲಿ. ನಡುವಿನ ಇಳಿಜಾರಿನ ಬಗ್ಗೆ ಒಂದು ಸಾಲೂ ಇಲ್ಲ. ನಾಲ್ಕು ಬೇಸಿಗೆಗಳಿಂದ ಕೊರಿನ್ ಆ ಚೀಟಿಯನ್ನು ಗಿಳಿಪಾಠದಂತೆ ಒಪ್ಪಿಸುತ್ತ ಬಂದಿದ್ದಳು.

ಬೆಳಿಗ್ಗೆ ಅಮ್ಮ ಲವೀನಿಯಾ ಡೇರೆಯ ಕೋಲುಗಳನ್ನು ಕಟ್ಟುತ್ತಲೇ ಶುರುಮಾಡಿದ್ದಳು. "ಕೋಟೆ ತೋರಿಸ್ತೀಯ, ಮಧ್ಯಾಹ್ನದ ತೋಪು ಹಾರಿಸೋದು ತೋರಿಸ್ತೀಯ, ತೋಟದ ಬಾತುಕೋಳಿನೂ ಬಿಡಲ್ಲ. ನೀನು ಹುಟ್ಟಿದ ಮನೆ ಮುಂದೇನೇ ದಿನಾ ಎರಡು ಸಲ ಹೋಗ್ತೀಯಲ್ಲ, ಆಗ ಮಾತ್ರ ಬಾಯಿಗೆ ಬೀಗ. ನಾಚಿಕೆನಾ?"

"ಚೀಟಿಯಲ್ಲಿ ಇಲ್ಲಮ್ಮ."

"ಚೀಟಿಯಲ್ಲಿ ಇಲ್ಲ ಅಂದ್ರೆ ನಾನೂ ಇಲ್ವಾ?"

ಆಮೇಲೆ ಅಮ್ಮ ಇವಳತ್ತ ತಿರುಗಿಯೂ ನೋಡಿರಲಿಲ್ಲ. ಆ ಮಾತು ಬೆಳಿಗ್ಗೆಯಿಂದ ಕೊರಿನ್‌ಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಈಗ ಅವಳು ಚೀಟಿಯನ್ನು ಮಡಚಿ ಜೇಬಿಗೆ ತುರುಕಿದಳು.

"ಸರ್ಕಸ್ ಅಲ್ಲ ಸಾರ್, ಅದು ನಮ್ಮೂರು. ಆಫ್ರಿಕ್‌ವಿಲ್ ಅಂತ. ನೂರಿಪ್ಪತ್ತು ವರ್ಷ ನಮ್ಮ ಕಪ್ಪು ಜನ ಅಲ್ಲಿ ಬಾಳಿದ್ರು. ಚರ್ಚು, ಶಾಲೆ, ಅಂಚೆ ಕಚೇರಿ ಎಲ್ಲ ಇತ್ತು. ನಾನು ಒಂಬತ್ತು ವರ್ಷದವಳಿದ್ದಾಗ ನಗರಸಭೆಯವರ ಬುಲ್ಡೋಜರ್ ಬಂತು, ಒಂದು ಮನೆನೂ ಉಳೀಲಿಲ್ಲ. ಆದ್ರೂ ಪ್ರತಿ ಬೇಸಿಗೆ ವಾಪಸ್ ಬರ್ತೀವಿ. ಯಾರ ಮನೆ ಎಲ್ಲಿತ್ತೋ ಅವರ ಡೇರೆ ಅಲ್ಲೇ. ಒಂದಡಿ ಆಚೀಚೆ ಆದ್ರೂ ಪಕ್ಕದ ಮನೆಯವರು ಜಗಳಕ್ಕೆ ಬರ್ತಾರೆ."

ಬಸ್ಸಿನಲ್ಲಿ ಯಾರೋ ಮೆಲ್ಲಗೆ ನಕ್ಕರು, ಮತ್ತೆ ಎಲ್ಲರೂ ಕಿಟಕಿಯ ಕಡೆ ವಾಲಿದರು. ಬೆಳಿಗ್ಗೆ ಕೋಟೆಯನ್ನು ನೋಡುವಾಗಲೂ ಇಷ್ಟು ಆಸೆಯಿಂದ ವಾಲಿರಲಿಲ್ಲ.

"ಮರ್ಡೋ, ಇಲ್ಲಿ ಸ್ವಲ್ಪ ನಿಲ್ಲಿಸ್ತೀರಾ?"

ಮೂವತ್ತು ವರ್ಷ ಸ್ಟೇರಿಂಗು ಹಿಡಿದು ಸವೆದ ಡ್ರೈವರ್ ಮರ್ಡೋ ಕನ್ನಡಿಯಲ್ಲಿ ಅವಳನ್ನು ನೋಡಿದ. "ಇವರ ಹಡಗು ಐದಕ್ಕೆ ಹೊರಡತ್ತೆ. ಚೀಟಿಯಲ್ಲಿಲ್ಲದ ಕಡೆ ನಿಲ್ಲಿಸಿದ್ರೆ ಆಫೀಸಿನವರು ನಿನ್ನ ಕೈಯಿಂದ ಮೈಕು ಕಿತ್ಕೋತಾರೆ, ಗೊತ್ತಲ್ಲ?"

"ಗೊತ್ತು. ಕಿತ್ಕೊಳ್ಳಲಿ."

ಮರ್ಡೋ ಮೀಸೆ ತುರಿಸಿಕೊಂಡ. "ಎಂಜಿನ್ ಯಾಕೋ ಬಿಸಿಯಾದ ಹಾಗಿದೆ. ಕಾಲು ಗಂಟೆ ಆರಬೇಕು. ಅದಕ್ಕೆ ನಾನೇನು ಮಾಡ್ಲಿ?" ಎನ್ನುತ್ತ ಬಸ್ಸನ್ನು ಪಕ್ಕಕ್ಕೆ ಹಾಕಿದ. ಎಂಜಿನ್ ತಣ್ಣಗೇ ಇತ್ತು. ಮರ್ಡೋನಿಗೆ ಸುಳ್ಳು ಹೇಳುವುದು ಅಷ್ಟು ಚೆನ್ನಾಗಿ ಬರುತ್ತದೆಂದು ಕೊರಿನ್‌ಗೆ ಆವತ್ತೇ ತಿಳಿದದ್ದು.

ಅವಳು ಎಲ್ಲರಿಗಿಂತ ಮುಂಚೆ ಇಳಿಜಾರಿನಲ್ಲಿ ಓಡಿದಳು. ಲವೀನಿಯಾ ಚರ್ಚಿಗೆ ಹಾಕುವ ನೇರಳೆ ಟೋಪಿ ಇಟ್ಟುಕೊಂಡು, ಡೇರೆಯ ಮುಂದಿನ ಒಲೆಯಲ್ಲಿ ಬಂಗುಡೆ ಹುರಿಯುತ್ತಿದ್ದಳು. ಕೊರಿನ್ ಹುಲ್ಲಿನ ಮೇಲೆ ನೇರವಾಗಿ ಅವಳ ಹತ್ತಿರ ನುಗ್ಗಿದಳು.

"ಅಲ್ಲೇ ನಿಲ್ಲು," ಎಂದಳು ಲವೀನಿಯಾ, ಬಾಣಲೆಯಿಂದ ಕಣ್ಣೆತ್ತದೆ. "ಗೋಡೆ ತೂರ್ಕೊಂಡು ಬರ್ತಿದ್ದೀಯಲ್ಲೇ. ಬಾಗಿಲು ಆ ಕಡೆ ಇದೆ."

ಕೊರಿನ್ ಕಾಲ ಕೆಳಗೆ ನೋಡಿದಳು. ಬರೀ ಹುಲ್ಲು. ಆದರೆ ಅಮ್ಮ ಹೇಳಿದ್ದು ನಿಜ, ಅಡುಗೆಮನೆಯ ಹಿಂಗೋಡೆ ಇದ್ದದ್ದು ಇಲ್ಲಿಯೇ. ಪ್ರತಿ ಹುಟ್ಟುಹಬ್ಬಕ್ಕೆ ಇವಳ ಎತ್ತರವನ್ನು ಸೀಸದಕಡ್ಡಿಯಲ್ಲಿ ಗುರುತು ಹಾಕುತ್ತಿದ್ದ ಗೋಡೆ. ಅದನ್ನು ಮರೆತೆನಲ್ಲ ಎಂದು ಅವಳಿಗೆ ನಿಜವಾಗಿಯೂ ನಾಚಿಕೆಯಾಯಿತು. ಸುತ್ತು ಹಾಕಿ ಸಮುದ್ರದ ಕಡೆಗೆ ಹೋಗಿ, ಬಾಗಿಲಿನ ಗುರುತಿಗೆ ಅಮ್ಮ ಇಟ್ಟಿದ್ದ ಎರಡು ಬಿಳಿ ಕಲ್ಲುಗಳ ನಡುವೆ ಕಾಲು ಒರೆಸಿಕೊಂಡು ಒಳಗೆ ಬಂದಳು.

"ಅಮ್ಮ, ನಲವತ್ತು ಜನರನ್ನ ಕರ್ಕೊಂಡು ಬಂದಿದ್ದೀನಿ. ನಮ್ಮನೆ ನೋಡೋಕೆ."

ಲವೀನಿಯಾ ಇಳಿಜಾರಿನತ್ತ ನೋಡಿದಳು. ಆಮೇಲೆ, ಬೆಳಿಗ್ಗೆಯಿಂದ ಮೊದಲ ಸಲ, ಮಗಳ ಮುಖ ನೋಡಿದಳು. "ನಲವತ್ತಾ? ಮೊದಲೇ ಹೇಳಿದ್ರೆ ಇನ್ನಷ್ಟು ಮೀನು ತರ್ತಿದ್ದೆ," ಎಂದು ಗೊಣಗಿ ಟೋಪಿ ನೆಟ್ಟಗೆ ಮಾಡಿಕೊಂಡಳು. ಮಗಳ ಮೇಲಿನ ಹೆಮ್ಮೆಯನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ, ಆದರೆ ಅದು ಅವಳ ಇಡೀ ಮುಖದಲ್ಲಿತ್ತು.

ಬಂದವರು ಗೋಡೆಯ ಮಾತನ್ನು ಕೇಳಿಸಿಕೊಂಡಿದ್ದರು. ಒಬ್ಬರೂ ಹುಲ್ಲಿನ ಮೇಲೆ ಅಡ್ಡಹಾಯಲಿಲ್ಲ. ಸುತ್ತು ಬಳಸಿ ಬಂದು, ಬಿಳಿ ಕಲ್ಲುಗಳ ಮುಂದೆ ಸಾಲು ನಿಂತು, ಕಾಲು ಒರೆಸಿ ಒಬ್ಬೊಬ್ಬರಾಗಿ ಒಳಬಂದರು. ಕೊನೆಯಲ್ಲಿ ಸರ್ಕಸ್ ಬಂದಿದೆಯಾ ಎಂದು ಕೇಳಿದ್ದ ಎತ್ತರದ ಮುದುಕ. ಅವನು ಕಲ್ಲುಗಳ ಹತ್ತಿರ ನಿಂತು ಹ್ಯಾಟು ತೆಗೆದ. ಮೇಲೆ ಬರೀ ಆಕಾಶವಿದ್ದರೂ, ಬಾಗಿಲಿಗೆ ತಲೆ ತಾಗೀತೆಂದು ಬೆನ್ನು ಬಗ್ಗಿಸಿದ.

"ಬಗ್ಗಬೇಡಿ ಸಾರ್," ಎಂದಳು ಲವೀನಿಯಾ. "ತಲೆ ಎತ್ಕೊಂಡೇ ಬನ್ನಿ. ನಮ್ಮಪ್ಪ ಬಾಗಿಲನ್ನ ಎತ್ತರವಾಗೇ ಇಟ್ಟಿದ್ರು."