ಬೋಳು ಬಾಣಲೆ

ಕಟಕ್ ಎಂದಿತು. ಓವನ್ನಿನ ಬಾಗಿಲು ತಾನೇ ಬೀಗ ಹಾಕಿಕೊಂಡಿತು. ಇನ್ನು ಒಳಗಿನ ಕಾವು ಇಳಿಯುವವರೆಗೆ ಬ್ರಹ್ಮ ಬಂದರೂ ತೆರೆಯದು. ತಂಗಿಗೆ ಬೇಕಾಗಿದ್ದೂ ಅದೇ.

ಅಡುಗೆಗೆ ಬೇಕಾದದ್ದರ ಎರಡರಷ್ಟು ಕಾವೇರಿಸಿಕೊಂಡು, ಅಂಟಿದ ಜಿಡ್ಡನ್ನೆಲ್ಲ ಬೂದಿ ಮಾಡುವ ಓವನ್ನು ಅದು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಒಳಗಿನ ಸಾಮಾನು ಮಾತ್ರ ಮೊದಲೇ ತೆಗೆದಿಡಬೇಕು ಎಂದು ಅಕ್ಕ ಹೇಳುತ್ತಿದ್ದಳು. ತಂಗಿ ತೆಗೆದಿರಲಿಲ್ಲ, ಇಟ್ಟಿದ್ದಳು. ಅಮ್ಮನ ಕಬ್ಬಿಣದ ಬಾಣಲೆಯನ್ನು.

ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿ, ಕಪ್ಪಗೆ ಮಿನುಗುವ ಬಾಣಲೆ. ‘ಅದು ಚಿಕ್ಕವಳಿಗೆ’ ಎಂದಿದ್ದಳು ಅಮ್ಮ, ಹಾಸಿಗೆ ಹಿಡಿದಾಗ. ಅಮ್ಮ ಹೋದಳು, ಬಾಣಲೆ ಅಕ್ಕನ ಒಲೆಯ ಮೇಲೆ ಕೂತಿತು. ತಂಗಿ ಮಾತು ಬಿಟ್ಟಳು. ಅವಳು ಬೇರೆ ಮನೆ ಮಾಡಿದಾಗ ಅಕ್ಕ ಭಾವನ ಕೈಯಲ್ಲಿ ಯಾವುದೋ ಬಾಣಲೆ ಕಳಿಸಿದಳು: ಬೂದು ಬಣ್ಣದ್ದು, ಬೋಳು, ಹೊಳಪಿಲ್ಲದ್ದು. ಗಾಯದ ಮೇಲೆ ಬರೆ ಎಳೆದಂತಾಯಿತು. ಭಾವ ಬಾಯಿ ತೆರೆಯುವ ಮೊದಲೇ ಬಾಗಿಲು ಹಾಕಿಕೊಂಡಳು. ಅವತ್ತೇ ಅದನ್ನು ಗುಜರಿಯವನ ಗಾಡಿಗೆ ಎಸೆದಳು.

ಇವತ್ತು ರಾಜಿಯ ನೆಪ ಹೇಳಿ ಬಂದಿದ್ದಳು. ಅಕ್ಕ ತರಕಾರಿಗೆ ಹೋದದ್ದೇ ತಡ, ಗುಂಡಿ ಒತ್ತಿದಳು. ಗಾಜಿನಾಚೆ ಹೊಗೆ ಸುತ್ತುತ್ತಿದ್ದರೆ, ಅಮ್ಮ ಕಲಿಸಿದ ದೇವರ ಪದ ಗುನುಗುತ್ತ ಕೂತಳು. ಒಂದು ನುಡಿಯೂ ತಪ್ಪಲಿಲ್ಲ.

ಅಕ್ಕ ಚೀಲ ಹಿಡಿದು ಒಳಬಂದು ಮೂಗರಳಿಸಿದಳು.

“ಏನೇ ಇದು ಕಮಟು ವಾಸನೆ?”

“ನಿನ್ನ ಓವನ್ನು ಸ್ನಾನ ಮಾಡ್ತಿದೆ ಅಕ್ಕ. ಎಷ್ಟು ಹಳೇ ಜಿಡ್ಡು ಕೂತಿತ್ತು ಗೊತ್ತಾ?”

“ಸುಡಲಿ ಬಿಡು. ಹಳೇದೆಲ್ಲ ಸುಟ್ಟು ಹೋಗ್ಲಿ ಅಂತ ತಾನೇ ನೀನೂ ಬಂದಿರೋದು?”

ತಂಗಿ ನಕ್ಕಳು.

ಸಂಜೆ ಬೀಗ ಬಿಟ್ಟಿತು. ಅಕ್ಕ ಬಾಗಿಲೆಳೆದಳು. ಬೂದಿಯ ನಡುವೆ ಬಾಣಲೆ: ಬೂದು ಬಣ್ಣದ್ದು, ಬೋಳು, ಹೊಳಪಿಲ್ಲದ್ದು. ತಂಗಿಗೆ ಅದನ್ನೆಲ್ಲೋ ಕಂಡಂತಾಯಿತು. ಆದರೂ ಬಾಯಿ ನಿಲ್ಲಲಿಲ್ಲ.

“ಅಮ್ಮಂದು! ನನಗೆ ದಕ್ಕದ್ದು ನಿನಗೂ ಬೇಡ.”

ಅಕ್ಕ ಸಿಟ್ಟಾಗಲಿಲ್ಲ. ಬೋಳು ಕಬ್ಬಿಣದ ಮೇಲೆ ಬೆರಳಾಡಿಸಿದಳು.

“ಹುಚ್ಚಿ, ಇದು ನಂದು ಕಣೇ. ಅಮ್ಮಂದನ್ನ ನೋಡಿ ನಾನೂ ಅಂಥದ್ದೇ ತಗೊಂಡು ಪಳಗಿಸಿದ್ದು. ಅಮ್ಮಂದು ಅವಳು ಮಲಗಿದ್ದಾಗ ಹಾಳಾಗಿ, ಜಿಡ್ಡೆಲ್ಲ ಚಕ್ಕೆ ಚಕ್ಕೆ ಏಳ್ತಿತ್ತು. ಈ ಓವನ್ನಲ್ಲೇ ಸುಟ್ಟು, ಉಜ್ಜಿ, ನಿನ್ನ ಭಾವನ ಕೈಲಿ ನಿನಗೆ ಕಳಿಸಿದ್ನಲ್ಲ. ಇಷ್ಟೊತ್ತಿಗೆ ನಿನ್ನ ಕೈಯಲ್ಲಿ ಚೆನ್ನಾಗಿ ಪಳಗಿರ್ಬೇಕು, ಅಲ್ವಾ?”