ಮೂರು ಶನಿವಾರ

"ಎಡಗಡೆ ಕಲ್ಲಿನ ಮೇಲೆ ಕಾಲಿಡಬೇಡ, ಅಲ್ಲಾಡುತ್ತೆ" ಎಂದ ಐಲಿಫ್, ಹಿಂದಿರುಗಿಯೂ ನೋಡದೆ. ಗುನ್ವೋರ್ ಬೇಕೆಂದೇ ಬೂಟಿನ ತುದಿಯಿಂದ ಒತ್ತಿದಳು. ಕಲ್ಲು ಅಲ್ಲಾಡಿತು. ಬೆಸ್ಸೆಗ್ಗೆನ್ ಬೆಟ್ಟದ ಏಣು ಹತ್ತುತ್ತಿರುವುದು ಇದೇ ಮೊದಲು ಎಂದು ಬೆಳಿಗ್ಗೆ ದೋಣಿಯಲ್ಲಿ ಹೇಳಿದ್ದ ಗಂಡನಿಗೆ ಇದು ಹೇಗೆ ಗೊತ್ತು?

ಹೋದ ಬೇಸಿಗೆಯಲ್ಲಿ ಮೂರು ಶನಿವಾರ ಅವನು ಮೀನು ಹಿಡಿಯಲು ಹೋಗಿ ಬರಿಗೈಯಲ್ಲಿ ಬಂದಿದ್ದು ಅವಳಿಗೆ ನೆನಪಾಯಿತು. ಎರಡೂ ಬದಿಗೆ ಪ್ರಪಾತ, ಕೆಳಗೆ ಎರಡು ಸರೋವರ, ಹಿಂದೆ ದಾರಿಗಾಗಿ ಕಾಯುತ್ತಿದ್ದ ಜನ. ಆದರೂ ಅವಳು ನಿಂತೇಬಿಟ್ಟಳು.

"ಯಾರನ್ನ ಕರ್ಕೊಂಡು ಬಂದಿದ್ದೆ ಇಲ್ಲಿಗೆ? ಮೀನಿನ ಕಥೆ ಸಾಕು."

"ಯಾರನ್ನೂ ಇಲ್ಲ. ಒಬ್ಬನೇ ಬಂದಿದ್ದೆ."

"ಸುಳ್ಳು! ಒಬ್ಬನೇ ಬಂದಿದ್ರೆ ಮುಚ್ಚಿಡೋದು ಯಾಕೆ?"

ಐಲಿಫ್ ಬಂಡೆಯನ್ನು ತಬ್ಬಿಕೊಂಡಂತೆ ಹಿಡಿದಿದ್ದ. ಬೆರಳ ಗಿಣ್ಣುಗಳು ಬಿಳಿಚಿದ್ದವು. "ಅಭ್ಯಾಸ ಮಾಡ್ಕೊಳ್ಳೋಣ ಅಂತ ಬಂದೆ, ಗುನ್ವೋರ್. ಮೂರು ಸಲವೂ ಇಲ್ಲೀ ತನಕ ಬಂದು ವಾಪಸ್ ಇಳಿದುಬಿಟ್ಟೆ. ನೀನು ನಡೆಯೋದು ಕಲಿಯೋಕೆ ಮುಂಚೆನೇ ಬೆಟ್ಟ ಹತ್ತಿದೋಳು. ನನಗೆ ಎತ್ತರ ಅಂದ್ರೆ ಜೀವ ಹೋಗುತ್ತೆ ಅಂತ ನಿನ್ನ ಹತ್ರ ಹೇಗೆ ಹೇಳ್ಲಿ?"

ಗುನ್ವೋರ್ ಅವನನ್ನು ದಾಟಿ ಮೇಲಿನ ಬಂಡೆ ಹತ್ತಿ, ಕೈಗವಸು ಕಳಚಿ ಕೈ ಚಾಚಿದಳು.

"ಕೆಳಗೆ ನೋಡ್ಬೇಡ. ನನ್ನನ್ನ ನೋಡ್ತಾ ಬಾ."